ಹಸಿವು ಮರೆತವರ ಹೊಗಳಿಕೆ

ಸುದ್ದಿ ನೀವೂ ಓದಿರುತ್ತೀರಿ. 2025ರ ಜುಲೈಯಲ್ಲಿ ರೊಮೇನಿಯಾದಲ್ಲಿ ಸಮೀಕ್ಷೆ ನಡೆಯಿತು. ನೂರಕ್ಕೆ 66 ಮಂದಿ, ಅಲ್ಲಿನ ಹಳೇ ಕಮ್ಯುನಿಸ್ಟ್ ಸರ್ವಾಧಿಕಾರಿ ಚೌಶೆಸ್ಕು ಒಳ್ಳೆಯ ನಾಯಕ ಎಂದರು. 1989ರ ಕ್ರಿಸ್‌ಮಸ್ ದಿನ ಗೋಡೆಗೆ ನಿಲ್ಲಿಸಿ ಗುಂಡು ಹೊಡೆದದ್ದು ಇದೇ ಒಳ್ಳೆಯ ನಾಯಕನಿಗೆ. ಪಾಪ, ಸ್ವಲ್ಪ ಅವಸರವಾಯಿತು.

ಒಪ್ಪೋಣ, ಆತನ ಕಾಲದಲ್ಲಿ ಅನುಕೂಲಗಳಿದ್ದವು. ಈಗ ಡಯಟ್ ಮಾಡಲು ದುಡ್ಡು ತೆರಬೇಕು. ಆಗ ಸರ್ಕಾರವೇ ಮಾಡಿಸುತ್ತಿತ್ತು. ಎಂಬತ್ತರ ದಶಕದಲ್ಲಿ ವೈಜ್ಞಾನಿಕ ಆಹಾರ ಯೋಜನೆ ಅಂತ ಒಂದು ತಂದು, ನೀವು ತಿನ್ನೋದು ಜಾಸ್ತಿಯಾಯಿತು ಎಂದು ಜನರಿಗೇ ಬುದ್ಧಿ ಹೇಳಿದರು. ಅಸಲಿ ಕಾರಣ ವಿದೇಶಿ ಸಾಲ. ತೀರಿಸಿಯೇ ತೀರುತ್ತೇನೆ ಅಂತ ಹಠಕ್ಕೆ ಬಿದ್ದ ಯಜಮಾನರು ತಿನ್ನುವ ಪದಾರ್ಥವನ್ನೆಲ್ಲ ಹೊರಗೆ ಮಾರಿದರು. ಹಂದಿಯ ಮಾಂಸ ವಿದೇಶಕ್ಕೆ, ಹಂದಿಯ ಕಾಲು ಸ್ವದೇಶಕ್ಕೆ. ಅಂಗಡಿಯಲ್ಲಿ ಸಿಗುತ್ತಿದ್ದ ಆ ಕಾಲುಗಳಿಗೆ ಜನ 'ಅಡಿಡಾಸ್' ಎಂದು ಹೆಸರಿಟ್ಟಿದ್ದರು. ಕ್ಯೂ ಕಂಡರೆ ಮೊದಲು ನಿಲ್ಲಬೇಕು, ಏನು ಕೊಡುತ್ತಾರೆ ಅಂತ ಆಮೇಲೆ ವಿಚಾರಿಸಬೇಕು.

ಮಕ್ಕಳು ಟಿವಿ ನೋಡಿ ಹಾಳಾಗುವ ಭಯವೂ ಇರಲಿಲ್ಲ. 1985ರಿಂದ ಮಾಮೂಲಿ ದಿನಗಳಲ್ಲಿ ಎರಡೇ ಗಂಟೆ ಟಿವಿ. ಅದರಲ್ಲೂ ಯಜಮಾನರು, ಅವರ ಮನೆಯಾಕೆ ಎಲೆನಾ. ರಾಜಧಾನಿ ಬುಕಾರೆಸ್ಟಿನ ಜನ ಆಂಟೆನಾ ತಿರುಗಿಸಿ ಬಲ್ಗೇರಿಯಾದ ಟಿವಿ ನೋಡುತ್ತಿದ್ದರು. ಪಕ್ಕದ ಕಮ್ಯುನಿಸ್ಟ್ ದೇಶದ ಟಿವಿಯೇ ಮಜಾ ಅನ್ನಿಸಬೇಕಾದರೆ ಇವರದು ಹೇಗಿತ್ತೋ! ಮನೆ ಬೆಚ್ಚಗಿಡುವ ಬಿಸಿಗೂ ಕತ್ತರಿ, ಚಳಿಗಾಲದಲ್ಲಿ ಮನೆಯೊಳಗೂ ಕೋಟು. ಆಗಿನ ಜೋಕು ಇದು: 'ಕಿಟಕಿ ಮುಚ್ಚಮ್ಮಾ, ಬೀದಿಯಲ್ಲಿ ಹೋಗುವವರಿಗೆ ಶೀತವಾದೀತು.' ಸರ್ಕಾರವನ್ನು ಬೈದು ಟೈಪ್ ಮಾಡಿದವರು ಯಾರೆಂದು ಪತ್ತೆಹಚ್ಚಲು, ಟೈಪ್‌ರೈಟರ್ ಇಟ್ಟುಕೊಂಡವರು ಪೊಲೀಸರಿಗೆ ಅದರ ಅಕ್ಷರದ ಮಾದರಿ ಕೊಡಬೇಕಿತ್ತು.

ಇಲ್ಲೊಂದು ಕಥೆ ಹೇಳದಿದ್ದರೆ ನನಗೆ ನಿದ್ದೆ ಬರೋದಿಲ್ಲ. 1974ರಲ್ಲಿ ಈ ಮಹಾಶಯ ಅಧ್ಯಕ್ಷನಾದ, ಕೈಯಲ್ಲಿ ರಾಜದಂಡ ಹಿಡಿದು. ಕಮ್ಯುನಿಸ್ಟನ ಕೈಗೆ ರಾಜದಂಡ! ಚಿತ್ರಕಾರ ಸಾಲ್ವಡಾರ್ ಡಾಲಿ ಟೆಲಿಗ್ರಾಂ ಕಳಿಸಿ, ಆಹಾ, ಎಂಥ ಐತಿಹಾಸಿಕ ಕೆಲಸ ಎಂಬರ್ಥದಲ್ಲಿ ಹೊಗಳಿದ. ಪಕ್ಷದ ಪತ್ರಿಕೆ ಅದನ್ನು ಗಂಭೀರವಾಗಿ ಅಚ್ಚು ಹಾಕಿತು! ಆತ ಕಾಲೆಳೆದಿದ್ದಾನೆ ಅಂತ ಕಚೇರಿಯಲ್ಲಿ ಒಬ್ಬರಿಗೂ ಹೊಳೆಯಲಿಲ್ಲವೋ, ಹೊಳೆದವರು ಬಾಯಿ ಬಿಡಲಿಲ್ಲವೋ. ಎರಡನೆಯದೇ ಇರಬೇಕು. 'ಸಾರ್, ಇದು ನಿಮಗೆ ಮಾಡಿದ ತಮಾಷೆ' ಅಂತ ಯಾರು ತಾನೇ ಹೋಗಿ ಹೇಳುತ್ತಾರೆ?

ನಮ್ಮಲ್ಲೂ ಎಮರ್ಜೆನ್ಸಿಯಲ್ಲಿ ರೈಲು ಟೈಮಿಗೆ ಸರಿಯಾಗಿ ಬರುತ್ತಿತ್ತು ಅನ್ನುವವರು ಪ್ರತಿ ಮದುವೆಮನೆಯಲ್ಲೂ ಒಬ್ಬರಾದರೂ ಸಿಗುತ್ತಾರೆ, ಅಲ್ವಾ?

ಆದರೆ 1966ರ 770ನೇ ಆದೇಶಕ್ಕೆ ನಗು ಬರೋದಿಲ್ಲ. ದೇಶಕ್ಕೆ ಜನ ಬೇಕು ಅಂತ ಗರ್ಭಪಾತ ನಿಷೇಧಿಸಿದರು. ಫ್ಯಾಕ್ಟರಿಗಳಿಗೇ ಡಾಕ್ಟರು ಬಂದು, ಯಾರು ಬಸುರಿ ಅಂತ ಹೆಂಗಸರನ್ನು ಪರೀಕ್ಷಿಸುತ್ತಿದ್ದರು. ಕದ್ದು ತೆಗೆಸಿಕೊಳ್ಳಲು ಹೋಗಿ ಸಾವಿರಾರು ಮಂದಿ ಸತ್ತರು. ಸಾಕಲಾಗದೆ ಬಿಟ್ಟ ಮಕ್ಕಳು ಅನಾಥಾಲಯದ ಕಬ್ಬಿಣದ ಮಂಚಗಳಲ್ಲಿ ಸೊರಗಿದರು. ಒಳ್ಳೆಯ ನಾಯಕನಂತೆ! ಸಿಟ್ಟು ಮಾಡಿಕೊಳ್ಳಲೂ ಈಗ ಸುಸ್ತಾಗುತ್ತದೆ.

ಹಾಗಂತ ಆ 66 ಮಂದಿಯನ್ನು ಸುಮ್ನೆ ಬೈಯೋದೂ ಸರಿಯಲ್ಲ. ಆತ ಹೋದ ಮೇಲೆ ಸಿಕ್ಕಿದ್ದಾದರೂ ಏನು? ಫ್ಯಾಕ್ಟರಿಗಳಿಗೆ ಬೀಗ, ಏರುವ ಬೆಲೆ. ಮೂರು ತಿಂಗಳಲ್ಲಿ ಎಂಟು ಪಟ್ಟು ಕೊಡುತ್ತೇವೆ ಎಂದ ಕ್ಲುಜ್ ಊರಿನ ಕರಿತಾಸ್ ಸ್ಕೀಮು ಲಕ್ಷಾಂತರ ಜನರ ದುಡ್ಡು ನುಂಗಿ 1994ರಲ್ಲಿ ಮುಳುಗಿತು. ಅಧ್ಯಕ್ಷರ ಕುರ್ಚಿಯಲ್ಲಿ ಕೂತವರು ಇಲಿಯೆಸ್ಕು, ಅದೇ ಹಳೇ ಪಕ್ಷದ ಆಳು. ಚೌಶೆಸ್ಕುವನ್ನು ಇಳಿಸಿದ 1989ರ ಕ್ರಾಂತಿಯಲ್ಲಿ ಸಾವಿರಕ್ಕೂ ಹೆಚ್ಚು ಜನ ಸತ್ತರು, ಬಹುಪಾಲು ಚೌಶೆಸ್ಕು ಓಡಿಹೋದ ಮೇಲೆ. ಆ ಸಾವುಗಳಿಗಾಗಿ ಇಲಿಯೆಸ್ಕು ಮೇಲೆ ಮಾನವೀಯತೆಯ ವಿರುದ್ಧದ ಅಪರಾಧದ ಕೇಸು ಬಿತ್ತು. 2025ರ ಆಗಸ್ಟಿನಲ್ಲಿ ಕೇಸು ಮುಗಿಯಲಿಲ್ಲ, ಆಸಾಮಿ ಮುಗಿದರು. ಸಕಲ ಸರ್ಕಾರಿ ಗೌರವದೊಂದಿಗೆ ಅಂತ್ಯಕ್ರಿಯೆ ಆಯಿತು.