ಮುಟ್ಟಿದರೆ ಮುನಿಯುವ ಮುಕ್ತ ದತ್ತಾಂಶ

ಜೀವವೈವಿಧ್ಯದ ದತ್ತಾಂಶ, ಅಂದರೆ ಯಾವ ಜೀವಿ ಎಲ್ಲಿ, ಯಾವಾಗ ಕಂಡಿತು ಎಂಬ ದಾಖಲೆ, ಎಲ್ಲರಿಗೂ ಸಿಗಬೇಕು ಎಂಬುದಕ್ಕೆ ಈಗ ಯಾರದೂ ತಕರಾರಿಲ್ಲ. ಕೇಂದ್ರದ ದತ್ತಾಂಶ ಹಂಚಿಕೆ ನೀತಿ 2012ರಲ್ಲೇ ಬಂದಿದೆ. ಆದ್ದರಿಂದ ಪೋರ್ಟಲ್ ಕಟ್ಟದೆ ವಿಧಿಯಿಲ್ಲ. ಕಟ್ಟಿದ ಮೇಲೆ ಅದನ್ನು ಯಾರೂ ಬಳಸದಂತೆ ನೋಡಿಕೊಳ್ಳುವುದಷ್ಟೇ ಬಾಕಿ.

ಮೊದಲು ಜೀವಿಗಳ ಪಟ್ಟಿಯನ್ನು 'ನುಡಿ' ತಂತ್ರಾಂಶದ ಹಳೆಯ ಫಾಂಟ್‌ನಲ್ಲಿ ಟೈಪ್ ಮಾಡಿಸಿ. ಯೂನಿಕೋಡ್ ಬೇಡ, ಹುಡುಕಿದವರಿಗೆ ಸಿಕ್ಕಿಬಿಡುತ್ತದೆ. ಪ್ರಿಂಟ್ ತೆಗೆದು, ಸಹಿ ಮಾಡಿ, ಸೀಲು ಹೊಡೆದು, ಸ್ಕ್ಯಾನ್ ಮಾಡಿ ಪಿಡಿಎಫ್ ಏರಿಸಿ. ಸೀಲು ವೈಜ್ಞಾನಿಕ ಹೆಸರಿನ ಮೇಲೆಯೇ ಬೀಳಲಿ.

ಎಕ್ಸೆಲ್ ಕಡತವೇ ಬೇಕೆಂದು ಹಟ ಹಿಡಿದವರಿಗೆ ದಿನಾಂಕದ ಕಾಲಂ ಒಂದೇ ಸಾಕು. 5/6/2019 ಎಂದು ಬರೆಯಿರಿ. ಅಮೆರಿಕದ ಸೆಟ್ಟಿಂಗ್ ಇರುವ ಕಂಪ್ಯೂಟರ್ ಅದನ್ನು ಮೇ 6 ಎಂದು ಓದಿ, ಜೂನ್ ಮಳೆಗೆ ವಟಗುಟ್ಟಿದ ಕಪ್ಪೆಯನ್ನು ಬಿರುಬೇಸಿಗೆಯಲ್ಲಿ ಕೂಗಿಸುತ್ತದೆ. ಕೆಳಗಿನ ಸಾಲಿನ 13/6ಕ್ಕೆ ಹದಿಮೂರನೇ ತಿಂಗಳು ಎಲ್ಲೂ ಸಿಗದೆ, ಅದನ್ನು ಬರೀ ಅಕ್ಷರವೆಂದು ಬಿಟ್ಟುಬಿಡುತ್ತದೆ. ಒಂದೇ ಕಾಲಂನಲ್ಲಿ ಅರ್ಧ ದಿನಾಂಕ, ಅರ್ಧ ಪಠ್ಯ! 2019-06-05 ಎಂದು ಬರೆದರೆ ಈ ರಗಳೆಯೇ ಇರುವುದಿಲ್ಲ, ಹಾಗಾಗಿ ಬರೆಯಕೂಡದು.

ಮುಂದೆ ಅಕ್ಷಾಂಶ, ರೇಖಾಂಶ. ಆಗುಂಬೆ ಸುಮಾರು 13.50, 75.09. ಎರಡನ್ನೂ ಅದಲುಬದಲು ಮಾಡಿದರೆ ಕಾಳಿಂಗ ಸರ್ಪ ನಾರ್ವೆಗಿಂತ ಉತ್ತರದ ಸಮುದ್ರದಲ್ಲಿ ಈಜುತ್ತಿರುತ್ತದೆ. ಜಾಗ ಖಾಲಿ ಬಿಟ್ಟು ಸಾಫ್ಟ್‌ವೇರ್ ಅಲ್ಲಿ ಸೊನ್ನೆ ತುಂಬಿಕೊಂಡರಂತೂ ಆಫ್ರಿಕಾದ ಪಕ್ಕ, ಗಿನಿ ಕೊಲ್ಲಿಯಲ್ಲಿ. ತಾಲ್ಲೂಕಿನ ಮಧ್ಯಬಿಂದುವನ್ನೇ ಎಲ್ಲ ಸಾಲಿಗೂ ಹಾಕುವುದು ಇನ್ನೂ ಸುಲಭ: ಆನೆ, ನವಿಲು, ಏಡಿ ಎಲ್ಲವೂ ಒಂದೇ ಗದ್ದೆಯಲ್ಲಿ ಬಿಡಾರ ಹೂಡುತ್ತವೆ. ಜೀವವೈವಿಧ್ಯದ ದತ್ತಾಂಶ ಬರೆಯಲೆಂದೇ ಇರುವ ಡಾರ್ವಿನ್ ಕೋರ್ ಮಾನದಂಡದಲ್ಲಿ 'ಎಷ್ಟು ಮೀಟರ್ ಆಚೀಚೆ' ಎಂದು ಹೇಳಲು ಪ್ರತ್ಯೇಕ ಕಾಲಂ ಇದೆ. ಅದನ್ನು ಮುಟ್ಟಲೇಬೇಡಿ.

ಅಪರೂಪದ ಜೀವಿಗಳ ಜಾಗವನ್ನು ಮರೆಮಾಚಬೇಕೆಂಬ ಕಾಳಜಿ ನ್ಯಾಯವೇ. ಅಕ್ಷಾಂಶ, ರೇಖಾಂಶವನ್ನು ಎರಡು ದಶಮಾಂಶಕ್ಕೆ ಇಳಿಸಿದರೆ ಗುರುತು ಸುಮಾರು ಒಂದು ಕಿಲೋಮೀಟರಿನಷ್ಟು ಮಸುಕಾಗುತ್ತದೆ, ಸಂಶೋಧಕರಿಗೆ ಅಷ್ಟು ಸಾಕು. ನೀವು ಮಾತ್ರ ಕಾಗೆಯ ವಿಳಾಸ ಬಚ್ಚಿಟ್ಟು, ಗಂಧದ ಮರದ್ದನ್ನು ಸುತ್ತಳತೆ ಸಮೇತ ಆರು ದಶಮಾಂಶದವರೆಗೆ ಕೊಡಿ. ಕಳ್ಳನಿಗೆ ಹೆಚ್ಚೆಂದರೆ ಗೇಣುದ್ದದ ಹುಡುಕಾಟ.

ಊರಿನ ಜೀವಿಗಳನ್ನು ಪಟ್ಟಿ ಮಾಡುವ ಪಂಚಾಯಿತಿಗಳ ಜೀವವೈವಿಧ್ಯ ದಾಖಲಾತಿಯೂ ಇದೆಯಲ್ಲ? 2002ರ ಜೀವವೈವಿಧ್ಯ ಕಾಯ್ದೆ ಬಂದು ವರ್ಷಗಳು ಉರುಳಿದರೂ ಅದು ಮುಗಿದಿರಲಿಲ್ಲ. 2020ರ ಜನವರಿ 31ರೊಳಗೆ ಮುಗಿಸದ ರಾಜ್ಯಗಳು ತಿಂಗಳಿಗೆ 10 ಲಕ್ಷ ರೂಪಾಯಿ ಕಟ್ಟಬೇಕಾದೀತು ಎಂದು ಹಸಿರು ನ್ಯಾಯಮಂಡಳಿ ಗುಡುಗಿತು. ಇಂಥ ಹೊತ್ತಿನಲ್ಲಿ ಮಳೆಗಾಲವಿಡೀ ಕೆರೆ, ಗೋಮಾಳ ಅಲೆದು, ಊರ ಹಿರಿಯರನ್ನು ಕೇಳಿ ಬರೆಯುತ್ತಾ ಕೂರಲಾಗುತ್ತದೆಯೇ? ಬೇರೆ ಜಿಲ್ಲೆಯ ದಾಖಲೆ ತಂದು ಊರಿನ ಹೆಸರು ಬದಲಾಯಿಸಿ. ಬಂಗುಡೆ ಮೀನು ಬಯಲುಸೀಮೆಯ ಕೆರೆಗೆ ಬಂದರೆ ಬರಲಿ, ಪ್ರಭೇದಗಳ ಲೆಕ್ಕ ಒಂದು ಹೆಚ್ಚಿತು.

ಕೊನೆಗೆ ಪರವಾನಗಿ. ಮೂಲದ ಹೆಸರು ಹೇಳಿ ಯಾರು ಬೇಕಾದರೂ ಬಳಸಲಿ ಎನ್ನುವ ಸಿಸಿ ಬೈ (CC BY) ಬೇಡ. ಪುಟದ ಮೇಲೆ 'ಮುಕ್ತ', ಕೆಳಗೆ 'ಎಲ್ಲ ಹಕ್ಕುಗಳನ್ನು ಕಾಯ್ದಿರಿಸಲಾಗಿದೆ'. ಡೌನ್‌ಲೋಡ್ ಒತ್ತಿದವರು ಲೆಟರ್‌ಹೆಡ್‌ನಲ್ಲಿ ಮೂರು ಪ್ರತಿ ಅರ್ಜಿ ತರಲಿ. ಅವರು ರೇಗಿ 10 ರೂಪಾಯಿಯ ಪೋಸ್ಟಲ್ ಆರ್ಡರ್ ಲಗತ್ತಿಸಿ ಮಾಹಿತಿ ಹಕ್ಕಿನಡಿ ಕೇಳಿದರೆ, ಮೂವತ್ತನೇ ದಿನ ಉತ್ತರ ಕೊಡಿ: ಕೋರಿದ ಮಾಹಿತಿ ಈಗಾಗಲೇ ಪೋರ್ಟಲ್‌ನಲ್ಲಿ ಲಭ್ಯವಿದೆ.