ಕಾರಂಜಿಗೆ ಯಾವ ಬಣ್ಣದ ಲೈಟು ಬೇಕು ಅಂತ ಕೇಳಿದ್ದಾರೆ, ಬನ್ನಿ ಹೇಳೋಣ

ಭಾನುವಾರ ಹನ್ನೊಂದು ಗಂಟೆಗೆ ನಮ್ಮ ಪಾರ್ಕಿನಲ್ಲಿ "ಸಾರ್ವಜನಿಕ ಸಮಾಲೋಚನಾ ಸಭೆ" ಇತ್ತು. ಹೋಗಿದ್ದೆ. ಬಂದು ಎರಡು ದಿನ ಆಯ್ತು, ಹೊಟ್ಟೆಯೊಳಗಿನ ಉರಿ ಇನ್ನೂ ಇಳಿದಿಲ್ಲ. ಮನೆಯವರ ಹತ್ರ ಹೇಳೋಣ ಅಂದ್ರೆ "ಮತ್ತೆ ಪಾರ್ಕಿನ ವಿಷಯನಾ?" ಅಂತ ಕಾಫಿ ಲೋಟ ಹಿಡ್ಕೊಂಡು ರೂಮಿಗೆ ಹೋಗಿಬಿಟ್ರು. ನೀವು ಎದ್ದು ಹೋದ್ರೂ ನನಗೆ ಕಾಣಲ್ಲ, ಅದಕ್ಕೇ ಇಲ್ಲಿ ಬರೀತಿದ್ದೀನಿ.

ಮೊದಲು ಆ ಹನ್ನೊಂದು ಗಂಟೆ. ವಾಕಿಂಗ್‌ನವರು ಎಂಟೂವರೆಗೆಲ್ಲ ಮನೆ ಸೇರಿ ಇಡ್ಲಿ ಮುಂದೆ ಕೂತಿರ್ತಾರೆ. ಹುಡುಗರು ಬರೋದು ಬಿಸಿಲು ಇಳಿದ ಮೇಲೆ. ನಮ್ಮ ಮನೆಗಳಲ್ಲಿ ಕೆಲಸ ಮಾಡೋ ಹೆಂಗಸರು ಭಾನುವಾರ ಆ ಹೊತ್ತಿಗೆ ಯಾರದೋ ಮನೆಯ ಪಾತ್ರೆ ರಾಶಿ ಮುಂದೆ. ಹಾಗಾದ್ರೆ ಆ "ಸಾರ್ವಜನಿಕ" ಯಾರು? ಬಡಾವಣೆಯ ನಿವಾಸಿಗಳ ಸಂಘದ ಪದಾಧಿಕಾರಿಗಳು, ಕಂಟ್ರಾಕ್ಟರು, ಒಬ್ಬ ಅಧಿಕಾರಿ, ಲ್ಯಾಪ್‌ಟಾಪ್ ತಂದಿದ್ದ ಇಬ್ಬರು ಚಿಕ್ಕ ವಯಸ್ಸಿನವರು, ಮತ್ತೆ ನಾನು. ಎಣಿಸಿದೆ, ಹತ್ತೊಂಬತ್ತು ತಲೆ. ಮೂವತ್ತೊಂದು ವರ್ಷ ಬ್ಯಾಂಕಿನಲ್ಲಿ ನೋಟು ಎಣಿಸಿದವಳು, ಎಣಿಸದೆ ಕೂರೋಕೆ ಬರಲ್ಲ.

ಯೋಜನೆ ಏನಪ್ಪಾ ಅಂದ್ರೆ ಸಂಗೀತ ಕಾರಂಜಿ. ಅದರ ಪಕ್ಕ ಸೆಲ್ಫಿ ಪಾಯಿಂಟು. ಗೇಟಿನ ಹತ್ರ ಕೆಂಪು ಹೃದಯದ ಗುರುತು ಹಾಕಿ "ಐ ಲವ್" ಅಂತ ನಮ್ಮ ಬಡಾವಣೆಯ ಹೆಸರು, ಆಳೆತ್ತರದ ಅಕ್ಷರದಲ್ಲಿ. ಎಲ್ಲರಿಗೂ ಒಂದೊಂದು ಚೀಟಿ ಕೊಟ್ರು, ಅದರಲ್ಲಿ ಕ್ಯೂಆರ್ ಕೋಡ್. ಸ್ಕ್ಯಾನ್ ಮಾಡಿ ಅಭಿಪ್ರಾಯ ತಿಳಿಸಬೇಕಂತೆ. ಮಾಡಿದೆ. ಇಡೀ ಫಾರಂ ಇಂಗ್ಲಿಷಿನಲ್ಲಿ. ಹೆಸರು, ವಯಸ್ಸು, ವಾರಕ್ಕೆ ಎಷ್ಟು ಸಲ ಬರ್ತೀರಿ, ಇವೆಲ್ಲ ಆದ ಮೇಲೆ ಮುಖ್ಯ ಪ್ರಶ್ನೆ: ಕಾರಂಜಿಗೆ ಯಾವ ಬಣ್ಣದ ಬೆಳಕು ಇಷ್ಟ? ನೀಲಿ, ಗುಲಾಬಿ, ಹಸಿರು, ಅಥವಾ ಎಲ್ಲವೂ. "ಕಾರಂಜಿ ಬೇಡ" ಅನ್ನೋ ಬಣ್ಣ ಪಟ್ಟಿಯಲ್ಲಿ ಇರಲಿಲ್ಲ.

ನಾನು ಎದ್ದು ನಿಂತು "ಇದು ಬೇಕಾ ಬೇಡವಾ ಅಂತ ಎಲ್ಲಿ ಹೇಳೋದು?" ಅಂದೆ. ಆ ಲ್ಯಾಪ್‌ಟಾಪ್ ಹುಡುಗಿ ಪಾಪ, ನನ್ನ ಮಗಳ ವಯಸ್ಸಿನವಳು, "ಆಂಟಿ, ಸಜೆಷನ್ ಅಂತ ಕೊನೇಲಿ ಒಂದು ಬಾಕ್ಸ್ ಇದೆ" ಅಂದಳು. ಬಾಕ್ಸ್ ಇತ್ತು. ಆದರೆ ನಾವೆಲ್ಲ ಕುರ್ಚಿ ಹಾಕ್ಕೊಂಡು ಕೂತಿದ್ದ ಜಾಗದಿಂದ ಇಪ್ಪತ್ತು ಹೆಜ್ಜೆ ಆಚೆ, ಹೊಂಗೆ ಮರದ ಪಕ್ಕ, ಒಂದು ಗುಂಡಿ ಕೂಡ ಇತ್ತಲ್ಲ! ಶುಕ್ರವಾರವೇ ಜೆಸಿಬಿ ಬಂದು ತೋಡಿ ಹೋಗಿದೆ. ಶುಕ್ರವಾರ ಗುಂಡಿ, ಭಾನುವಾರ ಸಮಾಲೋಚನೆ. ಮದುವೆ ಮುಗಿಸಿ ಊಟದ ಪಂಕ್ತಿಯಲ್ಲಿ ಕೂರಿಸಿ "ಹುಡುಗ ಒಪ್ಪಿಗೆನಾ ಅಮ್ಮಾ?" ಅಂತ ಹೆಣ್ಣನ್ನು ಕೇಳಿದ ಹಾಗೆ.

ಇನ್ನೊಂದು ವಿಷಯ. ಸಭೆಗೆ ಕುರ್ಚಿ ಹೊತ್ತವನು, ಶಾಮಿಯಾನದ ಹಗ್ಗ ಕಟ್ಟಿದವನು ನಮ್ಮ ಮಾಲಿ. ಅವನ ಕೈಗೆ ಆ ಚೀಟಿ ಕೊಟ್ಟು, ಅವನು ಅದನ್ನ ನೋಡ್ತಿರೋ ಹಾಗೆ ಫೋಟೋ ತೆಗೆದರು. ಆಮೇಲೆ ಚೀಟಿ ವಾಪಸ್ ಇಸ್ಕೊಂಡ್ರು, ಬೇರೆಯವರಿಗೆ ಬೇಕಲ್ಲ. ಈ ಪಾರ್ಕಿನ ಯಾವ ಮೂಲೆಯಲ್ಲಿ ನೀರು ನಿಲ್ಲುತ್ತೆ, ಯಾವ ಕಲ್ಲುಬೆಂಚಿನ ಕಾಲು ಅಲ್ಲಾಡುತ್ತೆ, ಯಾವ ಮರಕ್ಕೆ ಗೆದ್ದಲು ಹತ್ತಿದೆ, ಎಲ್ಲ ಗೊತ್ತಿರೋನು ಅವನೊಬ್ಬನೇ. ಅವನನ್ನ ಒಂದು ಪ್ರಶ್ನೆ ಕೇಳಲಿಲ್ಲ. ಬಣ್ಣ ಕೂಡ ಕೇಳಲಿಲ್ಲ!

ನನಗೆ ಬೆಂಗಳೂರಿನ 2024ರ ಬೇಸಿಗೆ ನೆನಪಾಗ್ತಿದೆ. ಬೋರ್‌ವೆಲ್‌ಗಳು ಬತ್ತಿ, ಕುಡಿಯೋ ನೀರನ್ನ ಗಿಡಕ್ಕೆ ಹಾಕಿದ್ರೆ ಐದು ಸಾವಿರ ರೂಪಾಯಿ ದಂಡ ಅಂತ ಮಾರ್ಚಿನಲ್ಲಿ ಆದೇಶ ಬಂದಿತ್ತಲ್ಲ, ಆಗ. ಪಾರ್ಕಿನ ಬೋರು ಬರೀ ಗಾಳಿ ಉಗುಳ್ತಿತ್ತು. ಒಂದು ಬೆಳಿಗ್ಗೆ ಈ ಮಾಲಿ ಗೇಟಿನಲ್ಲಿ ನಿಂತಿದ್ದ. ರಾಯಚೂರಿನ ಕಡೆಯವನು, ಬಾಯಿ ಕಡಿಮೆ. ಹೋಗಿ ಬರೋರಿಗೆಲ್ಲ ಒಂದೇ ಮಾತು: "ಅಕ್ಕಾರ, ಸಸಿ ಒಣಗಾಕತ್ಯಾವ್ರೀ. ಅಕ್ಕಿ ತೊಳದ ನೀರರ ಕೊಡ್ರಿ." ಅಷ್ಟೇ. ಮಾರನೇ ದಿನದಿಂದ ನಮ್ಮ ರಸ್ತೆಯ ಹೆಂಗಸರು ಬಕೆಟ್ ತರೋಕೆ ಶುರು ಮಾಡಿದ್ರು. ಅಕ್ಕಿ, ಬೇಳೆ ತೊಳೆದ ನೀರು, ಫಿಲ್ಟರ್‌ನ ವೇಸ್ಟ್ ನೀರು, ಸೊಪ್ಪು ತೊಳೆದ ನೀರು. ಎದುರುಮನೆ ಅಜ್ಜಿ ಎರಡು ಚೊಂಬು ತಂದು ತಾನೇ ಒಂದು ನೇರಳೆ ಸಸಿ ಬುಡಕ್ಕೆ ಸುರಿಯೋರು, ಬೇರೆಯವರು ಸುರಿದ್ರೆ ಸಿಟ್ಟು. ಕ್ರಿಕೆಟ್ ಹುಡುಗರು ಹಾಲಿನ ಬೂತಿನ ಹತ್ರ ಇರೋ ಮನೆಗಳಿಂದ ಕ್ಯಾನಿನಲ್ಲಿ ಹೊತ್ತು ತರೋರು. ಸಂಘದ ಮೀಟಿಂಗ್ ಆಗಲಿಲ್ಲ, ಸ್ಲೈಡು ಇಲ್ಲ, ಫಾರಂ ಇಲ್ಲ. ಇವತ್ತು ಆ ನೇರಳೆ ನನಗಿಂತ ಎತ್ತರ.

ಈಗ ಸಂಘದವರಿಗೆ "ಸಮುದಾಯದ ಸಹಭಾಗಿತ್ವ" ಬೇಕಂತೆ. ಫ್ಲೆಕ್ಸ್‌ನಲ್ಲಿ ಹಾಗೇ ಬರೆದಿತ್ತು. ಸಹಭಾಗಿತ್ವ ಬಕೆಟ್ ಹಿಡ್ಕೊಂಡು ಬಂದಾಗ ನೀವೆಲ್ಲಿದ್ರಿ ಸ್ವಾಮಿ?

ಹೀಗೆ ಬರೆದ್ರೆ ಒಬ್ಬರು ಬಂದು ಹೇಳೇ ಹೇಳ್ತಾರೆ, ಭಾನುವಾರವೂ ಹೇಳಿದ್ರು: "ಮೇಡಂ, ಎಲ್ಲರನ್ನೂ ಕೇಳ್ತಾ ಕೂತ್ರೆ ಒಂದು ಕೆಲಸ ಆಗಲ್ಲ. ಕಬ್ಬನ್ ಪಾರ್ಕ್ ಮಾಡುವಾಗ ಯಾರನ್ನ ಕೇಳಿದ್ರು?" ನಿವೃತ್ತ ಎಂಜಿನಿಯರು, ಒಳ್ಳೇ ಮನುಷ್ಯ, ಯುಗಾದಿಗೆ ಒಬ್ಬಟ್ಟು ಕಳಿಸ್ತಾರೆ, ಆದ್ರೂ ಬಿಡಲಿಲ್ಲ ನಾನು. 1870ರಲ್ಲಿ ಸ್ಯಾಂಕಿ ಅನ್ನೋ ಬ್ರಿಟಿಷ್ ಎಂಜಿನಿಯರು ಕಬ್ಬನ್ ಪಾರ್ಕ್ ಮಾಡಿದಾಗ ಇಲ್ಲಿ ನಡೀತಿದ್ದಿದ್ದು ಬ್ರಿಟಿಷ್ ಕಮಿಷನರ್‌ಗಳ ಆಡಳಿತ. ನಮ್ಮ ಸಂಘಕ್ಕೂ ಅದೇ ಮಾದರಿ ಅಂತಾದ್ರೆ ಹಾಗಂತ ಬೋರ್ಡ್ ಹಾಕಿಬಿಡಿ, ನಾವೂ ಅರ್ಜಿ ಹಿಡ್ಕೊಂಡು ಕಂಬದ ಹತ್ರ ನಿಲ್ತೀವಿ. ಅದೂ ಅಲ್ಲದೆ ಆ ಪಾರ್ಕನ್ನ ಇವತ್ತಿಗೂ ಜೀವಂತ ಇಟ್ಟಿರೋದು ಯಾರು? 2023ರ ಜನವರಿಯಲ್ಲಿ ಇಬ್ಬರು ಸ್ನೇಹಿತರು ಪುಸ್ತಕ ಹಿಡ್ಕೊಂಡು ಹೋಗಿ ಮರದಡಿ ಓದ್ತಾ ಕೂತ್ರು. ಈಗ ಶನಿವಾರ ಹೋಗಿ ನೋಡಿ, ಚಾಪೆ ಹಾಸ್ಕೊಂಡು ಎಷ್ಟು ಜನ ಮಾತಿಲ್ಲದೆ ಓದ್ತಾ ಇರ್ತಾರೆ. ಅದಕ್ಕೆ ಕಬ್ಬನ್ ರೀಡ್ಸ್ ಅಂತ ಹೆಸರು, ಅದನ್ನ ನೋಡಿ ಬೇರೆ ಬೇರೆ ಊರಲ್ಲೂ ಶುರು ಮಾಡಿದ್ದಾರೆ. ಅದಕ್ಕೆ ಬೇಕಾಗಿದ್ದು ನೆರಳು, ಹುಲ್ಲು, ತೆರೆದ ಗೇಟು. ಕಾರಂಜಿ ಅಲ್ಲ.

ಇನ್ನು ಕೇಳದೇ ಇದ್ದರೆ ಕೆಲಸ ಬೇಗ ಆಗುತ್ತೆ ಅನ್ನೋದೂ ಸುಳ್ಳು. ಬಸವೇಶ್ವರ ವೃತ್ತದಿಂದ ಹೆಬ್ಬಾಳಕ್ಕೆ ಸ್ಟೀಲ್ ಬ್ರಿಜ್ ಅಂತ ಹೊರಟಿದ್ರಲ್ಲ, ಎಂಟುನೂರಕ್ಕೂ ಹೆಚ್ಚು ಮರಕ್ಕೆ ಕೊಡಲಿ ಅಂತ ಗೊತ್ತಾಗಿ 2016ರ ಅಕ್ಟೋಬರ್‌ನಲ್ಲಿ ಜನ ರಸ್ತೆ ಉದ್ದಕ್ಕೂ ಕೈ ಹಿಡಿದು ನಿಂತ್ರು. ನಾನೂ ನಿಂತಿದ್ದೆ, ಮಂಡಿ ನೋವಿಟ್ಕೊಂಡು. ಮುಂದಿನ ಮಾರ್ಚಿಗೆ ಯೋಜನೆಯೇ ಕೈಬಿಟ್ರು. ಮೊದಲೇ ಕೇಳಿದ್ರೆ ಎಷ್ಟು ಉಳೀತಿತ್ತು?

ಕೇಳೋಕೆ ಜಾಗ ಇಲ್ಲ ಅಂತಲ್ಲ. ವಾರ್ಡ್ ಸಮಿತಿ ಅಂತ ಕಾನೂನಿನಲ್ಲೇ ಇದೆ, ತಿಂಗಳಿಗೊಂದು ಸಭೆ ಸೇರಬೇಕು ಅಂತಲೂ ಇದೆ. ಆದರೆ 2020ರ ಸೆಪ್ಟೆಂಬರ್‌ನಲ್ಲಿ ಕಾರ್ಪೊರೇಟರ್‌ಗಳ ಅವಧಿ ಮುಗಿದು, ಆಮೇಲೆ ಐದು ವರ್ಷ ದಾಟಿದರೂ ಚುನಾವಣೆ ಆಗಲಿಲ್ಲ. ಪಾಲಿಕೆ ಒಂದಿದ್ದಿದ್ದು ಐದಾಯ್ತು. ಚರಂಡಿ ಕಟ್ಟಿಕೊಂಡ್ರೆ ಬೈಯೋಕೆ ಒಬ್ಬ ಮನುಷ್ಯ ಇರ್ತಿದ್ದ, ಅದೂ ಹೋಯ್ತು. ಆ ಖಾಲಿ ಜಾಗದಲ್ಲಿ ನಮ್ಮ ಸಂಘ ಬಂದು ಕೂತಿದೆ. ಅದಕ್ಕೆ ಸದಸ್ಯರಾಗಬೇಕು ಅಂದ್ರೆ ಇಲ್ಲಿ ಸ್ವಂತ ಮನೆ ಇರಬೇಕು. ಬಾಡಿಗೆಯವರಿಗೆ ಪಾರ್ಕಿನ ಗಾಳಿ ಬೇರೆ ಥರ ಇರುತ್ತೇನೋ.

ಗೇಟಿನ ಕಥೆಯೂ ಇದೇ. ನಗರದ ಪಾರ್ಕುಗಳು ಬೆಳಿಗ್ಗೆ 5ರಿಂದ ರಾತ್ರಿ 10ರವರೆಗೆ ತೆರೆದಿರಬೇಕು ಅಂತ 2024ರಲ್ಲೇ ಹೇಳಿಯಾಯ್ತು. ನಮ್ಮಲ್ಲಿ ಹತ್ತಕ್ಕೆ ಬೀಗ ಬೀಳುತ್ತೆ, ಹತ್ತು ಅಂದ್ರೆ ಬೆಳಿಗ್ಗೆ ಹತ್ತು. ಎರಡು ಮನೆ ಕೆಲಸದ ಮಧ್ಯೆ ಒಂದು ಗಂಟೆ ಬಿಡುವಿರೋ ಹೆಂಗಸು ಊಟದ ಡಬ್ಬಿ ಹಿಡ್ಕೊಂಡು ಬೇಲಿ ಹೊರಗೆ ಫುಟ್‌ಪಾತ್ ಮೇಲೆ ಕೂತ್ಕೋತಾಳೆ. ಡೆಲಿವರಿ ಹುಡುಗರು ಗಾಡಿ ಸೀಟಿನ ಮೇಲೇ ನಿದ್ದೆ. ಒಳಗೆ ನೆರಳು ಖಾಲಿ ಬಿದ್ದಿರುತ್ತೆ. ಯಾಕೆ ಬೀಗ ಅಂದ್ರೆ "ಬೇರೆ ಥರದ ಜನ ಬರ್ತಾರೆ." ಯಾವ ಥರ? ನಮ್ಮ ಮನೆ ಪಾತ್ರೆ ತೊಳೆಯೋ ಥರ?

ಇಷ್ಟು ಬರೆದ ಮೇಲೆ ಒಂದನ್ನ ಹೇಳದೇ ಬಿಟ್ರೆ ನನಗೇ ಸರಿ ಹೋಗಲ್ಲ. ಪಾರ್ಕಿನ ನಡುವೆ "ಇಲ್ಲಿ ಆಟವಾಡುವುದನ್ನು ಕಡ್ಡಾಯವಾಗಿ ನಿಷೇಧಿಸಲಾಗಿದೆ" ಅಂತ ಒಂದು ಹಳದಿ ಬೋರ್ಡ್ ಇದೆಯಲ್ಲ, ಅದು ನಂದು. ಹನ್ನೆರಡು ವರ್ಷದ ಹಿಂದೆ ಟೆನಿಸ್ ಬಾಲು ಬಂದು ನಮ್ಮತ್ತೆಯವರ ಕನ್ನಡಕ ಒಡೀತು. ಅವತ್ತು ಸಂಜೆಯೇ ಕೂತು ಸಂಘಕ್ಕೆ ಅರ್ಜಿ ಬರೆದೆ, ಅರವತ್ತು ಜನರ ಸಹಿ ಹಾಕಿಸಿದೆ. ಬೋರ್ಡಿನ ಒಕ್ಕಣೆಯೂ ನನ್ನದೇ. ಬ್ಯಾಂಕಿನ ಕನ್ನಡ, ನೋಡಿದ್ರೇ ಗೊತ್ತಾಗುತ್ತೆ. ಆ ಹುಡುಗರಲ್ಲಿ ಒಬ್ಬನನ್ನ ಕರೆದು "ಎಲ್ಲಿ ಆಡ್ತೀರಪ್ಪಾ ಮತ್ತೆ?" ಅಂತ ಕೇಳಿದ್ನಾ? ಇಲ್ಲ. ನಮ್ಮತ್ತೆಯವರೇ "ಒಂದು ಕನ್ನಡಕಕ್ಕೆ ಇಷ್ಟೆಲ್ಲಾ ಯಾಕೆ?" ಅಂದಿದ್ರು. ಅವರ ಮಾತೂ ಕೇಳಲಿಲ್ಲ. ಈಗಿನ ಹುಡುಗರು ಆ ಬೋರ್ಡನ್ನೇ ವಿಕೆಟ್ ಮಾಡ್ಕೊಂಡಿದ್ದಾರೆ. "ಕಡ್ಡಾಯವಾಗಿ" ಅನ್ನೋ ಪದದ ಮೇಲೆ ಬಾಲು ಬಿದ್ದೂ ಬಿದ್ದೂ ಬಣ್ಣ ಹೋಗಿದೆ.

ಇವತ್ತು ಬೆಳಿಗ್ಗೆ ಹೋದಾಗ ಮಾಲಿ ಗುಡಿಸಿದ ತರಗೆಲೆಯನ್ನೆಲ್ಲ ತಂದು ಆ ಕಾರಂಜಿ ಗುಂಡಿಗೆ ಸುರೀತಿದ್ದ. ಏನಪ್ಪಾ ಇದು ಅಂದೆ. "ಮೂರು ವರ್ಷ ಆತು ಅಕ್ಕಾರ, ಎಲಿಗೊಬ್ಬರಕ್ಕ ಒಂದ್ ಗುಂಡಿ ತೋಡಸ್ರಿ ಅಂತ ಕೇಳಾಕತ್ತು. ಈಗ ತೋಡ್ಯಾರ" ಅಂದ. ನಗ್ತಿದ್ನೋ ಇಲ್ವೋ ಗೊತ್ತಾಗಲಿಲ್ಲ, ಮುಖ ಆ ಕಡೆ ಇತ್ತು. ಮೊಣಕಾಲೆತ್ತರ ತುಂಬಿದೆ.

ಫಾರಂ ಕಳಿಸೋಕೆ ನಾಳೆ ಕೊನೇ ದಿನ. ಬಣ್ಣ ಆರಿಸದೆ ಮುಂದಕ್ಕೆ ಹೋಗ್ತಾನೇ ಇಲ್ಲ, ಕೆಂಪಕ್ಷರದಲ್ಲಿ ಬೈಯುತ್ತೆ. ನೀಲಿನಾ, ಗುಲಾಬಿನಾ, ಹೇಳಿ.