ಸೈಕಲ್ ಯಾವ ಕಡೆ ಹೋಯಿತು?

ಷರ್ಲಾಕ್ ಹೋಮ್ಸ್ ಕಥೆಗಳಲ್ಲಿ ನನಗೆ ಮತ್ತೆ ಮತ್ತೆ ಚುಚ್ಚುವುದು ಒಂದೇ ವಿಷಯ. ಅವನ ಬುದ್ಧಿವಂತಿಕೆಯ ಬಗ್ಗೆ ತಕರಾರಿಲ್ಲ. ತನಗೆ ಕಂಡದ್ದು ತರಬೇತಿ ಪಡೆದ ಯಾರಿಗಾದರೂ ಕಾಣಲೇಬೇಕು ಎಂದು ಅವನು ನಂಬಿಕೊಂಡಿದ್ದಾನಲ್ಲ, ಅದು. ಅವನ ಗೆಳೆಯ ವ್ಯಾಟ್ಸನ್ ಯುದ್ಧಭೂಮಿ ಕಂಡ ಡಾಕ್ಟರು. ಲೆಸ್ಟ್ರೇಡ್, ಗ್ರೆಗ್ಸನ್ ಇಬ್ಬರೂ ಲಂಡನ್ ಪೊಲೀಸ್ ಕೇಂದ್ರವಾದ ಸ್ಕಾಟ್ಲೆಂಡ್ ಯಾರ್ಡಿನ ಇನ್‌ಸ್ಪೆಕ್ಟರುಗಳು. 140 ಬಗೆಯ ತಂಬಾಕಿನ ಬೂದಿಯ ಮೇಲೆ ಪ್ರಬಂಧ ಬರೆದವನು ಇವರನ್ನು ಬೂದಿಯ ಗುರುತಿನಿಂದ ಅಳೆಯುವುದು ಯಾವ ನ್ಯಾಯ?

ಅವನು 'ಇದು ಸ್ಪಷ್ಟವಾಗಿಯೇ ಇದೆ' ಎನ್ನುವ ಕಡೆಯೇ ಎಡವಿದ ಉದಾಹರಣೆ ಇದೆ. 1904ರ 'ಪ್ರಯರಿ ಸ್ಕೂಲ್' ಕಥೆಯಲ್ಲಿ ಒದ್ದೆ ನೆಲದ ಮೇಲೆ ಸೈಕಲ್ ಜಾಡು ಸಿಗುತ್ತದೆ. ತನಗೆ 42 ಬಗೆಯ ಟೈರ್ ಗುರುತು ಗೊತ್ತು ಎನ್ನುವ ಹೋಮ್ಸ್, ಸೈಕಲ್ ಶಾಲೆಯಿಂದ ಹೊರಗೆ ಹೋಗಿದೆ ಎಂದು ಹೇಳಿಬಿಡುತ್ತಾನೆ. ಕಾರಣ: ಭಾರ ಬೀಳುವ ಹಿಂದಿನ ಚಕ್ರದ ಆಳವಾದ ಗುರುತು ಮುಂದಿನ ಚಕ್ರದ ಗುರುತನ್ನು ಅಲ್ಲಲ್ಲಿ ಅಳಿಸಿದೆ. ಶಾಲೆಯ ಕಡೆಗೇ ಬಂದಿರಬಹುದಲ್ಲ ಎಂದು ವ್ಯಾಟ್ಸನ್ ಸರಿಯಾಗಿಯೇ ಕೇಳುತ್ತಾನೆ. ಯಾವ ಕಡೆ ಹೋದರೂ ಹಿಂದಿನ ಚಕ್ರವೇ ಮುಂದಿನದರ ಮೇಲೆ ಹಾಯುವುದು! ಓದುಗರು ಪತ್ರ ಬರೆದ ಮೇಲೆ ಕಥೆಗಾರ ಕಾನನ್ ಡಾಯ್ಲ್ ತಾನೇ ಸೈಕಲ್ ಓಡಿಸಿ ನೋಡಿ, ಓದುಗರದ್ದೇ ಸರಿ ಎಂದು 1924ರ ಆತ್ಮಕಥೆಯಲ್ಲಿ ಒಪ್ಪಿಕೊಂಡ. ಏರಿನಲ್ಲಿ ಜಾಡು ಆಳ, ಇಳಿಜಾರಿನಲ್ಲಿ ತೆಳು ಎಂಬ ಸಮಜಾಯಿಷಿಯನ್ನೂ ಸೇರಿಸಿದ.

ದಿಕ್ಕು ಹೇಳುವ ನಿಜವಾದ ದಾರಿ ಇದೆ, ಅದಕ್ಕೆ ಅಪಾರ ಪ್ರತಿಭೆಯೇನೂ ಬೇಡ. ಸೈಕಲ್ ತಿರುವು ತೆಗೆದುಕೊಂಡ ಜಾಗ ಹುಡುಕಿ. ನೇರ ಓಟದಲ್ಲಿ ಎರಡೂ ಜಾಡು ಒಂದರ ಮೇಲೊಂದು ಕೂರುವುದರಿಂದ ಏನೂ ತಿಳಿಯುವುದಿಲ್ಲ. ಇನ್ನೊಂದನ್ನು ತುಳಿದು ಹೋದ ಜಾಡು ಹಿಂದಿನ ಚಕ್ರದ್ದು. ಆ ಚಕ್ರ ಹ್ಯಾಂಡಲ್ ಜೊತೆ ತಿರುಗುವುದಿಲ್ಲ, ಹಾಗಾಗಿ ಅದರ ಮುಖ ಯಾವಾಗಲೂ ಮುಂದಿನ ಚಕ್ರದ ಕಡೆಗೇ ಇರುತ್ತದೆ. ಎರಡರ ನಡುವಿನ ಅಂತರ ಹೆಚ್ಚುಕಮ್ಮಿ ಒಂದು ಮೀಟರ್. ಈಗ ಹಿಂದಿನ ಜಾಡಿನ ಒಂದು ಬಿಂದುವಿನಲ್ಲಿ, ಜಾಡು ಅಲ್ಲಿ ಸಾಗುವ ನೇರಕ್ಕೇ ಹುರಿ ಹಿಡಿದು ಎರಡೂ ಕಡೆ ಎಳೆಯಿರಿ. ಅದು ಮುಂದಿನ ಚಕ್ರದ ಜಾಡನ್ನು ಮುಟ್ಟುವವರೆಗಿನ ಉದ್ದ ಬರೆದುಕೊಳ್ಳಿ. ಹೀಗೆ ಐದಾರು ಕಡೆ ಮಾಡಿ. ಒಂದು ಬದಿಯ ಅಳತೆಗಳು 104, 105, 103 ಸೆಂ.ಮೀ. ಎಂದು ಒಂದೇ ಸಮ ಬಂದು, ಇನ್ನೊಂದು ಬದಿಯವು ಅಡ್ಡಾದಿಡ್ಡಿ ಬಂದರೆ, ಸಮನಾಗಿ ಬಂದ ಬದಿಗೇ ಸೈಕಲ್ ಹೋಗಿದೆ. ತಪ್ಪುವುದು ಹುರಿ ಹಿಡಿಯುವ ಕೋನದಲ್ಲಿ. ಅದಕ್ಕೇ ಹಲವು ಕಡೆ ಅಳೆಯಬೇಕು.

ಹೋಮ್ಸ್‌ಗೆ ಮಾದರಿಯಾದ ಎಡಿನ್‌ಬರೋದ ಡಾ. ಜೋಸೆಫ್ ಬೆಲ್ ಕಥೆಯೂ ಒಬ್ಬನಿಗೆ ಕಂಡದ್ದು ಎಲ್ಲರಿಗೂ ಕಾಣಬೇಕಿಲ್ಲ ಎಂದೇ ಹೇಳುತ್ತದೆ. ಒಬ್ಬ ರೋಗಿಯನ್ನು ನೋಡಿದ್ದೇ ತಡ, ಇವನು ಇತ್ತೀಚೆಗೆ ಸೈನ್ಯ ಬಿಟ್ಟವನು, ಬಾರ್ಬಡೋಸ್‌ನಲ್ಲಿದ್ದವನು ಎಂದು ಬೆಲ್ ಹೇಳಿದರಂತೆ. ವಿನಯವಂತನಾದರೂ ಟೋಪಿ ತೆಗೆಯಲಿಲ್ಲ, ಅದು ಸೈನ್ಯದ ರೂಢಿ. ಕಾಯಿಲೆ ಆನೆಕಾಲು, ಅದು ಬ್ರಿಟನ್ನಿನದಲ್ಲ, ವೆಸ್ಟ್ ಇಂಡೀಸ್ ಕಡೆಯದು. ವಿವರಿಸಿದ ಮೇಲೆ ಎಷ್ಟು ಸರಳ! ಆದರೆ ಆನೆಕಾಲು ಸುಳಿವಾದದ್ದು ಎಡಿನ್‌ಬರೋದಲ್ಲಿ ಅದು ಅಪರೂಪವಾಗಿದ್ದರಿಂದ. ಅದೇ ಕಾಲು ಕಲಬುರಗಿಯ ಆಸ್ಪತ್ರೆಗೆ ಬಂದರೆ ಆ ಮನುಷ್ಯ ಎಲ್ಲಿಂದ ಬಂದ ಎಂದು ಏನೂ ಹೇಳುವುದಿಲ್ಲ. ಅಲ್ಲಿನ ಡಾಕ್ಟರ್ ಬೆಲ್‌ಗಿಂತ ಕಡಿಮೆ ಅಂತಲ್ಲ. ಕಣ್ಣಿನ ಹಿಂದೆ ಆ ಊರಿನ, ಆ ಕಸುಬಿನ ಲೆಕ್ಕ ಇರಬೇಕು, ಅದು ಒಬ್ಬರಿಂದ ಇನ್ನೊಬ್ಬರಿಗೆ ಹಾಗೇ ದಾಟುವುದಿಲ್ಲ.

ದಾಟಿಸಬಹುದಾದದ್ದು ಕ್ರಮ. ಹೋಮ್ಸ್ ಹೆಜ್ಜೆಗುರುತಿನ ಮೇಲೂ ಪ್ರಬಂಧ ಬರೆದವನು, ಅಚ್ಚಿಗೆ ಪ್ಲಾಸ್ಟರ್ ಆಫ್ ಪ್ಯಾರಿಸ್ ಬಳಸುತ್ತಾನೆ. ಈಗ ಬಳಸುವುದು ಹಲ್ಲಿನ ಡಾಕ್ಟರರ ಡೆಂಟಲ್ ಸ್ಟೋನ್ ಎಂಬ, ಇನ್ನೂ ಗಟ್ಟಿಯಾಗುವ ಪುಡಿ. ಪ್ಲಾಸ್ಟರ್ ಮೆದು, ಮಣ್ಣು ಉಜ್ಜುವಾಗ ಗೆರೆಗಳೂ ಹೋಗುತ್ತವೆ. ಮೊದಲು ಫೋಟೋ: ಕ್ಯಾಮೆರಾ ಸ್ಟ್ಯಾಂಡಿನ ಮೇಲೆ, ನೇರ ಕೆಳಮುಖವಾಗಿ. ಟಾರ್ಚನ್ನು ನೆಲಮಟ್ಟದಲ್ಲಿ ಓರೆಯಾಗಿ, ಮೂರು ನಾಲ್ಕು ಬದಿಯಿಂದ ಹಿಡಿಯಬೇಕು. ಸ್ಕೇಲ್ ಗುರುತಿನ ತಳದ ಮಟ್ಟದಲ್ಲಿರಬೇಕು, ಮೇಲಿನ ನೆಲದ ಮೇಲಿಟ್ಟರೆ ಅಳತೆ ತಪ್ಪುತ್ತದೆ. ಆಮೇಲೆ ಜಿಪ್ ಚೀಲದಲ್ಲಿ ಸುಮಾರು 900 ಗ್ರಾಂ ಪುಡಿಗೆ 270ರಿಂದ 350 ಮಿ.ಲೀ. ನೀರು ಹಾಕಿ, ದೋಸೆ ಹಿಟ್ಟಿನ ಹದ ಬರುವವರೆಗೆ ಮೂರರಿಂದ ಐದು ನಿಮಿಷ ಹಿಸುಕಬೇಕು. ಗುರುತಿನ ಮೇಲೇ ಸುರಿದರೆ ಗೆರೆ ಅಳಿಸಿಹೋಗುತ್ತದೆ. ಪಕ್ಕದಲ್ಲಿ ಸುರಿದು ಒಳಗೆ ಹರಿಯಲು ಬಿಡಬೇಕು. ಅರ್ಧ ಗಂಟೆಯಾದರೂ ಬಿಟ್ಟು ಎತ್ತಬೇಕು, ಅವಸರ ಮಾಡಿದರೆ ಬಿರುಕು. ಮಣ್ಣು ತೊಳೆಯುವುದು ಎರಡು ದಿನ ಒಣಗಿದ ಮೇಲೆ.

ಇಷ್ಟಾದರೂ ಅಟ್ಟೆಯ ಅಳತೆ, ವಿನ್ಯಾಸ ಹೇಳುವುದು ಚಪ್ಪಲಿಯ ಜಾತಿಯನ್ನು ಮಾತ್ರ. ಅಂಥ ಜೋಡಿಗಳು ಊರ ತುಂಬ ಇರುತ್ತವೆ. ಇಂಥದೇ ಚಪ್ಪಲಿ ಎನ್ನಲು ಸವೆತ, ಸೀಳು, ಸಿಕ್ಕಿಕೊಂಡ ಕಲ್ಲಿನ ಗುರುತು ಬೇಕು. ಹೆಜ್ಜೆಯ ಅಂತರದಿಂದ ಎತ್ತರ ಹೇಳುವುದಂತೂ ಹೋಮ್ಸ್‌ಗೇ ಇರಲಿ. ಹೊರೆ, ಏರು, ಅವಸರ ಎಲ್ಲದಕ್ಕೂ ಹೆಜ್ಜೆ ಬದಲಾಗುತ್ತದೆ.

ಕೊಲೆ ನಡೆದ ಮರುದಿನವೇ 'ಪೊಲೀಸರಿಗೆ ಅಷ್ಟೂ ಗೊತ್ತಾಗಲಿಲ್ಲವೇ' ಎಂದು ಬರೆಯುವವರು ಎಸ್‌ಐ ಒಬ್ಬರೇ ಹೋಮ್ಸ್ ಆಗಬೇಕೆಂದು ಕೇಳುತ್ತಿದ್ದಾರೆ. 2024ರ ಜುಲೈ 1ರಿಂದ ಜಾರಿಯಾದ ಭಾರತೀಯ ನಾಗರಿಕ ಸುರಕ್ಷಾ ಸಂಹಿತೆಯ (ಅಪರಾಧಗಳ ತನಿಖೆ, ವಿಚಾರಣೆಯ ಕಾನೂನು) 176(3)ನೇ ಕಲಂ ಹಾಗೆ ಕೇಳುವುದಿಲ್ಲ. ಏಳು ವರ್ಷ ಅಥವಾ ಅದಕ್ಕಿಂತ ಹೆಚ್ಚು ಶಿಕ್ಷೆ ಇರುವ ಅಪರಾಧಗಳಲ್ಲಿ ವಿಧಿವಿಜ್ಞಾನ ತಜ್ಞರೇ ಸ್ಥಳಕ್ಕೆ ಬರಬೇಕು ಎನ್ನುತ್ತದೆ. ಅದನ್ನು ಜಾರಿಗೆ ತರಲು ರಾಜ್ಯಗಳಿಗೆ ಐದು ವರ್ಷದ ಗಡುವು ಕೊಟ್ಟಿದೆ. ತಜ್ಞರು ಬರುವವರೆಗೆ ಠಾಣೆಯವರಿಂದ ಬೇಕಾದ್ದು ಇಷ್ಟು: ಗುರುತಿಗೆ ತಾಗದಂತೆ ಅಗಲವಾದ ಬುಟ್ಟಿಯೋ ಡಬ್ಬಿಯೋ ಕವುಚಿಡುವುದು, ಮೋಡವಿದ್ದರೆ ಮೇಲೆ ಪ್ಲಾಸ್ಟಿಕ್ ಹೊದಿಸುವುದು, ಸುತ್ತ ಹಗ್ಗ ಕಟ್ಟಿ ಊರ ಜನವನ್ನೂ ತಮ್ಮದೇ ಬೂಟುಗಳನ್ನೂ ಆಚೆ ಇಡುವುದು.